ಗಡ್ಡೆಯೊಂದು, ವರದಿ ಎರಡು

ಕಳೆದ ತಿಂಗಳು ಬಂದ ಕಾಗದಗಳ ಕಟ್ಟಿನಿಂದ ಒಂದನ್ನು ಬೇರೆಯಾಗಿ ತೆಗೆದಿರಿಸಿದ್ದೆ. ಬರೆದವರು ಹಾಸನದ ಕಡೆಯ ಒಬ್ಬ ಉಪಾಧ್ಯಾಯಿನಿ. ಅವರ ತಂದೆಯವರಿಗೆ ಊಟ ಇಳಿಯುವುದು ಕಷ್ಟವಾಗಿ, ಪರೀಕ್ಷೆ ಮಾಡಿಸಿದಾಗ, ಅನ್ನನಾಳವೂ ಜಠರವೂ ಕೂಡುವ ಎಡೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆಯೆಂದು ತಿಳಿದುಬಂದಿತು. ವೈದ್ಯರು ಕೂಡಲೇ ಕತ್ತಿ ಹಿಡಿಯಲಿಲ್ಲ. ಮೊದಲು ಎರಡು ತಿಂಗಳಲ್ಲಿ ನಾಲ್ಕು ಸುತ್ತು ಕೀಮೋಥೆರಪಿ ಕೊಟ್ಟು, ದೇಹ ಸ್ವಲ್ಪ ಚೇತರಿಸಿಕೊಂಡ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರು. ಈಗ ತಂದೆಯವರು ಮನೆಯಲ್ಲಿದ್ದಾರೆ. ಮೆತ್ತಗೆ ಬೆಂದ ಅನ್ನವನ್ನು ದಿನಕ್ಕೆ ಐದಾರು ಸಲ ತುಸುತುಸುವಾಗಿ ಉಣ್ಣುತ್ತಿದ್ದಾರೆ. ಉಳಿದ ನಾಲ್ಕು ಸುತ್ತು ಔಷಧ ಇನ್ನೇನು ಆರಂಭವಾಗಬೇಕು.

ಮಗಳ ಚಿಂತೆ ಬೇರೆ. ಅವರ ಕೈಯಲ್ಲಿ ಎರಡು ವರದಿಗಳಿವೆ. ಚಿಕಿತ್ಸೆಗೆ ಮೊದಲು ಎಂಡೋಸ್ಕೋಪಿಯಲ್ಲಿ ಚಿವುಟಿ ತೆಗೆದ ಚೂರುಗಳ ವರದಿಯಲ್ಲಿ ‘ಪಿಡಿ-ಎಲ್೧ ಅಂಕ ೨’ ಎಂದಿದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ವರದಿಯಲ್ಲಿ ಅದೇ ಅಂಕ ೧೦ ಆಗಿದೆ. “ಔಷಧವೇ ರೋಗವನ್ನು ಕೆರಳಿಸಿತೇ? ಇಲ್ಲವೇ ಎರಡರಲ್ಲೊಂದು ವರದಿ ತಪ್ಪೇ? ನಾನು ಯಾವುದನ್ನು ನಂಬಲಿ?” ಎಂದು ಅವರು ಕೇಳಿದ್ದಾರೆ.

ಪ್ರಶ್ನೆ ಚಿಕ್ಕದು. ಆದರೆ ಇದನ್ನೇ ದೊಡ್ಡ ದೊಡ್ಡ ಆಸ್ಪತ್ರೆಗಳ ವೈದ್ಯರೂ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದಾರೆ. ಆದುದರಿಂದ ಈ ವಾರದ ಪುಟವನ್ನೆಲ್ಲ ಅದಕ್ಕೇ ಮೀಸಲಿಡುತ್ತೇನೆ. ನೆಗಡಿ, ನಿದ್ರಾಹೀನತೆಗಳ ವಿಷಯವಾಗಿ ಬರೆದ ವಾಚಕರು ಒಂದು ವಾರದ ಮಟ್ಟಿಗೆ ಮನ್ನಿಸಬೇಕು.

ಈ ಪಿಡಿ-ಎಲ್೧ ಎಂದರೇನೆಂಬುದನ್ನು ಮೊದಲು ತಿಳಿಯೋಣ. ನಮ್ಮ ರಕ್ತದಲ್ಲಿ ಸಂಚರಿಸುವ ಬಿಳಿಯ ಕಣಗಳಲ್ಲಿ ಟಿ-ಕಣಗಳೆಂಬ ಒಂದು ಪಂಗಡವುಂಟು. ರೋಗಾಣು ಹೊಕ್ಕ ಜೀವಕಣವನ್ನೂ ಕೆಟ್ಟು ಬೆಳೆದ ಜೀವಕಣವನ್ನೂ ಹುಡುಕಿ ಕೊಲ್ಲುವುದು ಅವುಗಳ ಉದ್ಯೋಗ. ಇಷ್ಟು ಬಲವುಳ್ಳ ಪ್ರಾಣಿಯನ್ನು ಅಂಕೆಯಿಲ್ಲದೆ ಬಿಡಲಾದೀತೇ? ಎತ್ತಿಗೆ ಮೂಗುದಾರವಿರುವಂತೆ ಟಿ-ಕಣಕ್ಕೂ ಪ್ರಕೃತಿ ಒಂದು ಮೂಗುದಾರವನ್ನು ಪೋಣಿಸಿದೆ. ಅದರ ಹೆಸರು ಪಿಡಿ-೧. ಆ ದಾರವನ್ನು ಹಿಡಿದು ಜಗ್ಗುವ ಕೈಯೇ ಪಿಡಿ-ಎಲ್೧. ನಮ್ಮ ಆರೋಗ್ಯವಂತ ಅಂಗಗಳ ಕಣಗಳು ಅಗತ್ಯ ಬಿದ್ದಾಗ ಈ ಕೈಯನ್ನು ಚಾಚಿ, ‘ಸಾಕು, ಇಲ್ಲಿ ನಿಲ್ಲು’ ಎಂದು ಟಿ-ಕಣವನ್ನು ತಡೆಯುತ್ತವೆ. ಇಂತಹ ತಡೆಗಳಿಗೆಲ್ಲ ವೈದ್ಯರು ‘ಇಮ್ಯೂನ್ ಚೆಕ್‌ಪಾಯಿಂಟ್’ ಎಂದು ಹೆಸರಿಟ್ಟಿದ್ದಾರೆ. ಕಾವಲು ಚೌಕಿ ಎಂದು ನಾವು ಕರೆಯಬಹುದು.

ಮೂಗುದಾರವನ್ನು ಕಂಡುಹಿಡಿದವರು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತಸುಕು ಹೊಂಜೊ ಮತ್ತು ಅವರ ಸಂಗಡಿಗರು, ಅದು ೧೯೯೨ರಲ್ಲಿ. ಅದರ ಉದ್ಯೋಗವೇನೆಂಬುದು ಆಗ ಅವರಿಗೂ ಸ್ಪಷ್ಟವಾಗಿರಲಿಲ್ಲ. ೧೯೯೯ರಲ್ಲಿ ಪಿಡಿ-೧ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದಾಗ, ಆ ಇಲಿಗಳ ಕೀಲುಗಳೂ ಮೂತ್ರಪಿಂಡಗಳೂ ಅವುಗಳ ಸ್ವಂತ ರಕ್ಷಕಕಣಗಳಿಂದಲೇ ಕೆಡತೊಡಗಿದವು. ಬೇಲಿಯೇ ಎದ್ದು ಹೊಲ ಮೇದಂತಾಯಿತು. ಮೂಗುದಾರ ಏಕಿದೆಯೆಂಬುದು ಆಗ ತಿಳಿಯಿತು. ಅಮೆರಿಕದ ಜೇಮ್ಸ್ ಆ್ಯಲಿಸನ್ ಎಂಬುವರು ಸಿಟಿಎಲ್‌ಎ-೪ ಎಂಬ ಇನ್ನೊಂದು ದಾರದ ಮೇಲೆ ಕೆಲಸ ಮಾಡಿದರು. ಇಬ್ಬರಿಗೂ ಕೂಡಿ ೨೦೧೮ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇಷ್ಟರಲ್ಲಿ ವಾಚಕರು ಮುಂದಿನದನ್ನು ಊಹಿಸಿರಬಹುದು. ಕ್ಯಾನ್ಸರ್ ಕಣವೂ ಈ ಕೈಯನ್ನು ಚಾಚುವುದನ್ನು ಕಲಿತಿದೆ. ತನ್ನನ್ನು ಕೊಲ್ಲಲು ಬಂದ ಟಿ-ಕಣದ ಮೂಗುದಾರವನ್ನು ಅದು ಹಿಡಿದು ನಿಲ್ಲಿಸುತ್ತದೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಗಳು ದಾರವನ್ನು ಮುಚ್ಚುತ್ತವೆ. ಡರ್ವಾಲುಮ್ಯಾಬ್ ಎಂಬುದು ದಾರ ಹಿಡಿಯುವ ಕೈಯನ್ನು ಮುಚ್ಚುತ್ತದೆ. ಎರಡರಿಂದಲೂ ಟಿ-ಕಣ ಬಿಡುಗಡೆ ಹೊಂದುತ್ತದೆ. ಬಿಡುಗಡೆ ಹೊಂದಿದ ಎತ್ತು ಒಮ್ಮೊಮ್ಮೆ ಯಜಮಾನನ ತೋಟಕ್ಕೂ ನುಗ್ಗುವುದುಂಟು: ಕರುಳು, ಥೈರಾಯಿಡ್ ಗ್ರಂಥಿ, ಶ್ವಾಸಕೋಶ ಇವುಗಳಲ್ಲಿ ಉರಿಯೂತ ಕಾಣಿಸಿಕೊಳ್ಳಬಹುದು. ಬೆಲೆಯೂ ಸಾಮಾನ್ಯ ಸಂಸಾರಕ್ಕೆ ನಿಲುಕುವಂಥದಲ್ಲ. ಆದಕಾರಣ ಯಾರಿಗೆ ಈ ಔಷಧ ಹಿಡಿಯುತ್ತದೆ, ಯಾರಿಗೆ ವ್ಯರ್ಥ ಎಂದು ಮುಂಚಿತವಾಗಿ ತಿಳಿಯಬೇಕಾಯಿತು. ಗಡ್ಡೆಯಲ್ಲಿ ಎಷ್ಟು ಕೈಗಳು ಚಾಚಿಕೊಂಡಿವೆಯೆಂದು ಬಣ್ಣ ಹಾಕಿ ಎಣಿಸುವುದು ಅದಕ್ಕೆ ಒಂದು ಉಪಾಯ. ಆ ಎಣಿಕೆಯ ಫಲವೇ ನಮ್ಮ ಉಪಾಧ್ಯಾಯಿನಿಯವರ ಕೈಯಲ್ಲಿರುವ ೨ ಮತ್ತು ೧೦.

ಇನ್ನು, ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋಥೆರಪಿ ಏಕೆ? ೧೮೮೧ರಲ್ಲಿ ವಿಯೆನ್ನಾ ನಗರದ ಥಿಯೊಡೊರ್ ಬಿಲ್‌ರೋತ್ ಎಂಬ ಶಸ್ತ್ರವೈದ್ಯರು ಜಠರದ ಕ್ಯಾನ್ಸರನ್ನು ಯಶಸ್ವಿಯಾಗಿ ಕತ್ತರಿಸಿ ತೆಗೆದುದು ವೈದ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಘಟನೆ. ಆ ರೋಗಿಯ ಗಾಯ ಮಾಯಿತು. ಆದರೆ ನಾಲ್ಕು ತಿಂಗಳಲ್ಲಿ ರೋಗ ಮರಳಿ ಬಂದು ಆಕೆ ತೀರಿಕೊಂಡರು. ಕಣ್ಣಿಗೆ ಕಂಡ ಗಡ್ಡೆಯನ್ನು ಕತ್ತಿ ತೆಗೆಯಬಲ್ಲದು. ಕಾಣದೆ ಚದರಿಹೋದ ಕಣಗಳನ್ನು ತೆಗೆಯಲಾರದು. ಮುಂದಿನ ನೂರು ವರ್ಷಗಳಲ್ಲಿ ಶಸ್ತ್ರವೈದ್ಯರ ಕೈಚಳಕ ಎಷ್ಟೋ ಬೆಳೆದರೂ ಈ ತೊಡಕು ಹಾಗೆಯೇ ಉಳಿಯಿತು.

೨೦೦೬ರಲ್ಲಿ ಇಂಗ್ಲೆಂಡಿನಿಂದ ‘ಮ್ಯಾಜಿಕ್’ ಎಂಬ ಹೆಸರಿನ ಪ್ರಯೋಗದ ಫಲಿತಾಂಶ ಹೊರಬಿತ್ತು. ೫೦೩ ಮಂದಿ ರೋಗಿಗಳು. ಅರ್ಧದಷ್ಟು ಜನರಿಗೆ ಬರಿಯ ಶಸ್ತ್ರಚಿಕಿತ್ಸೆ. ಉಳಿದವರಿಗೆ ಅದರ ಹಿಂದೆ ಮೂರು ಸುತ್ತು, ಮುಂದೆ ಮೂರು ಸುತ್ತು ಔಷಧ. ಐದು ವರ್ಷಗಳ ಮೇಲೂ ಬದುಕಿದ್ದವರು ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೨೩, ಎರಡನೆಯದರಲ್ಲಿ ನೂರಕ್ಕೆ ೩೬. ಆಮೇಲೆ ಜರ್ಮನಿಯ ವೈದ್ಯರು ‘ಫ್ಲಾಟ್’ ಎಂಬ ನಾಲ್ಕು ಔಷಧಗಳ ಕಟ್ಟನ್ನು ಸಿದ್ಧಪಡಿಸಿದರು: ಫ್ಲೂರೋಯುರಾಸಿಲ್, ಲ್ಯುಕೋವೊರಿನ್, ಆಕ್ಸಾಲಿಪ್ಲಾಟಿನ್, ಡೋಸಿಟ್ಯಾಕ್ಸೆಲ್. ೨೦೧೯ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ೭೧೬ ಮಂದಿ ಇದ್ದರು. ಸರಾಸರಿ ಎನ್ನಬಹುದಾದ ಮಧ್ಯಮ ಆಯುಸ್ಸು ಹಳೆಯ ಕಟ್ಟಿನಲ್ಲಿ ೩೫ ತಿಂಗಳು, ಹೊಸತರಲ್ಲಿ ೫೦ ತಿಂಗಳು. ನೆದರ್ಲೆಂಡಿನವರು ೨೦೧೨ರಲ್ಲಿ ಕೀಮೋಥೆರಪಿಯೊಡನೆ ವಿಕಿರಣವನ್ನೂ ಸೇರಿಸಿ ‘ಕ್ರಾಸ್’ ಎಂಬ ಇನ್ನೊಂದು ಮಾರ್ಗವನ್ನು ತೋರಿಸಿದ್ದರು. ಅನ್ನನಾಳದ ಗ್ರಂಥಿಜನ್ಯ ಕ್ಯಾನ್ಸರಿನಲ್ಲಿ ಇವೆರಡನ್ನೂ ಮುಖಾಮುಖಿ ನಿಲ್ಲಿಸಿದ ಪ್ರಯೋಗವೊಂದು ೨೦೨೫ರಲ್ಲಿ ಪ್ರಕಟವಾಗಿ, ಫ್ಲಾಟ್ ಪಡೆದವರು ೬೬ ತಿಂಗಳು, ಕ್ರಾಸ್ ಪಡೆದವರು ೩೭ ತಿಂಗಳು ಎಂದು ತಿಳಿಸಿತು. ನಮ್ಮ ದೇಶದ ಅನ್ನನಾಳದ ಕ್ಯಾನ್ಸರಿನಲ್ಲಿ ಹೆಚ್ಚಿನ ಪಾಲು ಹೊಗೆಸೊಪ್ಪು ಮೊದಲಾದುವುಗಳಿಂದ ಬರುವ ಬೇರೊಂದು ಜಾತಿ. ಅದಕ್ಕೆ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸಕೂಡದು. ಕಾಗದ ಬರೆದವರ ತಂದೆಯವರದು ಗ್ರಂಥಿಜನ್ಯವೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎರಡು ತಿಂಗಳು ಈ ಔಷಧಗಳ ಸುರಿಮಳೆಗೆ ಸಿಕ್ಕ ಗಡ್ಡೆಯಲ್ಲಿ ಕಾವಲು ಚೌಕಿಗಳು ಏನಾಗುತ್ತವೆ?

ಕೀಮೋಥೆರಪಿ ರಕ್ತದ ಬಿಳಿಯ ಕಣಗಳನ್ನು ಕುಗ್ಗಿಸುತ್ತದೆ, ಆದ್ದರಿಂದ ದೇಹದ ರಕ್ಷಣೆಗೆ ಅದು ಶತ್ರುವೇ ಸರಿ ಎಂದು ಬಹುಕಾಲ ನಂಬಿದ್ದರು. ಅದು ಅರ್ಧ ಸತ್ಯ. ೨೦೦೭ರ ಸುಮಾರಿನಿಂದ ಫ್ರಾನ್ಸಿನ ಗಿಡೋ ಕ್ರೋಮರ್, ಲಾರಾನ್ಸ್ ಜಿಟ್ವೋಗೆಲ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟುದೇನೆಂದರೆ, ಕ್ಯಾನ್ಸರ್ ಕಣ ಸಾಯುವ ರೀತಿಯಲ್ಲೂ ಭೇದವುಂಟು. ಕೆಲವು ಔಷಧಗಳಿಂದ ಅದು ಸದ್ದಿಲ್ಲದೆ ಸಾಯುತ್ತದೆ. ಇನ್ನು ಕೆಲವುಗಳಿಂದ ಊರೆಲ್ಲ ಕೇಳುವಂತೆ ಕೂಗಿ ಸಾಯುತ್ತದೆ. ಕ್ಯಾಲ್‌ರೆಟಿಕ್ಯುಲಿನ್ ಎಂಬ, ಒಳಗೆ ಅಡಗಿರಬೇಕಾದ ಸಸಾರಜನಕ ಮೈಮೇಲೆ ಬಂದು ನಿಲ್ಲುತ್ತದೆ. ಒಳಗಿನ ಬೇರೆ ದ್ರವ್ಯಗಳು ಹೊರಗೆ ಸೋರುತ್ತವೆ. ಈ ಸುಳಿವು ಹಿಡಿದು ಬೇಹುಗಾರ ಕಣಗಳು ಬರುತ್ತವೆ, ಸತ್ತ ಕಣದ ಚೂರನ್ನು ಎತ್ತಿಕೊಂಡು ಹೋಗಿ ಟಿ-ಕಣಗಳಿಗೆ ಗುರುತು ತೋರಿಸುತ್ತವೆ. ಆಕ್ಸಾಲಿಪ್ಲಾಟಿನ್ ಹೀಗೆ ಕೂಗಿಸಿ ಕೊಲ್ಲುವ ಜಾತಿಯದು. ಅದರ ಅಣ್ಣನೆನಿಸಿದ ಸಿಸ್‌ಪ್ಲಾಟಿನ್ ಈ ವಿಷಯದಲ್ಲಿ ಹಿಂದೆ.

ಗುರುತು ಸಿಕ್ಕಿದ ಟಿ-ಕಣಗಳು ಗಡ್ಡೆಯೊಳಕ್ಕೆ ನುಗ್ಗಿ ಇಂಟರ್‌ಫೆರಾನ್ ಗ್ಯಾಮಾ ಎಂಬ ರಸವನ್ನು ಸುರಿಸುತ್ತವೆ. ವಾಚಕರು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕು, ಏಕೆಂದರೆ ವಿಷಯದ ಗಂಟು ಇರುವುದು ಇಲ್ಲಿಯೇ. ಆ ರಸ ತಾಗಿದೊಡನೆ, ಬದುಕುಳಿದ ಕ್ಯಾನ್ಸರ್ ಕಣಗಳು ತಮ್ಮನ್ನು ಕಾಪಾಡಿಕೊಳ್ಳಲು ಪಿಡಿ-ಎಲ್೧ ಕೈಗಳನ್ನು ಹೆಚ್ಚು ಹೆಚ್ಚಾಗಿ ಚಾಚುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ‘ಅಂಕ ಏರಿದೆ’ ಎಂದು ಕಾಣುವುದು ಇದೇ. ಹಾಗಾದರೆ ಏರಿಕೆ ಕೆಟ್ಟ ಶಕುನವೇ? ಕೋಟೆಯ ಬಾಗಿಲುಗಳನ್ನು ಮುಚ್ಚಿದ್ದಾರೆಂದರೆ ದಂಡು ಬಂದಿದೆಯೆಂದೂ ಅರ್ಥ. ಇಂತಹ ಗಡ್ಡೆಯಲ್ಲಿ ಮೂಗುದಾರ ಬಿಡಿಸುವ ಔಷಧಕ್ಕೆ ಕೆಲಸವುಂಟು. ಬಿಡಿಸಿಕೊಳ್ಳಲು ಎತ್ತುಗಳು ಅಲ್ಲಿಯೇ ಕಾದಿವೆ.

ಆದರೆ ಟಿ-ಕಣದ ಸುಳಿವೇ ಇಲ್ಲದೆಯೂ ಅಂಕ ಏರಬಹುದು. ಔಷಧದ ಹೊಡೆತವನ್ನು ತಡೆದುಕೊಂಡ ಹಟಮಾರಿ ಕಣಗಳು ತಾವಾಗಿಯೇ ಕೈ ಚಾಚುವುದನ್ನು ಪ್ರಯೋಗಶಾಲೆಯ ಗಾಜಿನ ತಟ್ಟೆಗಳಲ್ಲಿ ಕಂಡಿದ್ದಾರೆ. ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನ ಸಂಶೋಧಕರು ಅನ್ನನಾಳದ ಕ್ಯಾನ್ಸರ್ ಕಣಗಳ ಮೇಲೆ ಫ್ಲಾಟ್, ಕ್ರಾಸ್ ಮುಂತಾದ ಕಟ್ಟುಗಳ ಔಷಧಗಳನ್ನು ಹಾಕಿ ನೋಡಿ, ಅಳಿಯದೆ ಉಳಿದ ಕಣಗಳ ಮೈಮೇಲೆ ಇಂತಹ ತಡೆಗುರುತುಗಳು ಮೂಡುವುದನ್ನು ವರದಿ ಮಾಡಿದ್ದಾರೆ. ತಟ್ಟೆಯಲ್ಲಿ ಟಿ-ಕಣವೆಲ್ಲಿಂದ ಬರಬೇಕು? ಅಂದಮೇಲೆ ಅಲ್ಲಿಯ ಏರಿಕೆ ದಂಡು ಬಂದುದರ ಗುರುತಲ್ಲ. ಒಂದೇ ಅಂಕ, ಎರಡು ಅರ್ಥ. ಇವೆರಡನ್ನು ಬೇರ್ಪಡಿಸಬೇಕಾದರೆ ಪಿಡಿ-ಎಲ್೧ ಒಂದನ್ನೇ ಎಣಿಸಿದರೆ ಸಾಲದು, ಪಕ್ಕದಲ್ಲಿ ಕೊಲ್ಲುವ ಟಿ-ಕಣಗಳು ಎಷ್ಟಿವೆಯೆಂದೂ ಎಣಿಸಬೇಕು. ವರದಿಗಳಲ್ಲಿ ಈ ಎರಡನೆಯ ಎಣಿಕೆಯೂ ಸಾಮಾನ್ಯವಾಗಿ ಇರಬೇಕೆಂಬುದು ನನ್ನ ಅಭಿಪ್ರಾಯ. ಇಂದು ಅದು ಸಂಶೋಧನೆಯ ಲೇಖನಗಳಲ್ಲಿ ಕಾಣುವಷ್ಟು ರೋಗಿಯ ಕಡತದಲ್ಲಿ ಕಾಣುವುದಿಲ್ಲ.

ಅಂಕ ಇಳಿಯುವುದೂ ಉಂಟು. ಕೈ ಚಾಚಿದ ಕಣಗಳೇ ಔಷಧಕ್ಕೆ ಮೊದಲು ಬಲಿಯಾಗಿರಬಹುದು. ಟಿ-ಕಣಗಳೂ ಬಳಲಿರಬಹುದು. ವಾಂತಿ ತಡೆಯಲೆಂದು ಪ್ರತಿ ಸುತ್ತಿನಲ್ಲಿಯೂ ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯಿಡ್ ದೇಹದ ರಕ್ಷಕಶಕ್ತಿಯನ್ನು ಅಷ್ಟುಮಟ್ಟಿಗೆ ಮಲಗಿಸುತ್ತದೆ. ಅದರ ಪಾಲು ಎಷ್ಟೆಂಬುದನ್ನು ಲೆಕ್ಕದಿಂದ ಬಿಡಬಾರದು. ಈ ಎಲ್ಲ ಕಾರಣಗಳಿಂದ, ಚಿಕಿತ್ಸೆಯ ಹಿಂದು ಮುಂದಿನ ಚೂರುಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಕೆಲವು ಏರಿಕೆಯನ್ನು, ಕೆಲವು ಇಳಿಕೆಯನ್ನು, ಕೆಲವು ಯಾವ ಬದಲಾವಣೆಯೂ ಇಲ್ಲವೆಂಬುದನ್ನು ವರದಿ ಮಾಡಿವೆ. ಪಿಡಿ-ಎಲ್೧ ಒಂದೇ ಚೌಕಿಯಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಲ್ಯಾಗ್-೩, ಟಿಮ್-೩, ಟಿಜಿಟ್ ಎಂದು ಇನ್ನೂ ಹಲವಿವೆ. ಒಂದು ಮುಚ್ಚಿದಾಗ ಇನ್ನೊಂದು ತೆರೆಯುವುದುಂಟು. ಅವುಗಳ ಕತೆಗೆ ಮತ್ತೊಂದು ವಾರವೇ ಬೇಕು.

ಇಷ್ಟು ಗಡ್ಡೆಯೊಳಗಿನ ಮಾತಾಯಿತು. ಇನ್ನು ಎಣಿಕೆಯೊಳಗಿನ ಮಾತು. ಉಪಾಧ್ಯಾಯಿನಿಯವರಿಗೆ ಲೆಕ್ಕದಲ್ಲಿ ಪರಿಚಯವಿರುವುದರಿಂದ ಇದು ಅವರಿಗೆ ಬೇಗ ತಿಳಿದೀತು. ಜಠರ ಮತ್ತು ಅನ್ನನಾಳದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಬಳಸುವ ಅಂಕಕ್ಕೆ ‘ಸಂಯುಕ್ತ ಅಂಕ’ ಎನ್ನೋಣ. ಬಣ್ಣ ಹತ್ತಿದ ಕಣಗಳನ್ನೆಲ್ಲ, ಎಂದರೆ ಕ್ಯಾನ್ಸರ್ ಕಣಗಳನ್ನೂ ಅವುಗಳೊಡನೆ ಇರುವ ರಕ್ಷಕಕಣಗಳನ್ನೂ ಕೂಡಿ ಎಣಿಸಬೇಕು. ಬಂದ ಮೊತ್ತವನ್ನು ಜೀವಂತವಾಗಿರುವ ಕ್ಯಾನ್ಸರ್ ಕಣಗಳ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಈಗ ಚಿಕಿತ್ಸೆಗೆ ಮುಂಚೆ ಒಂದು ಚೂರಿನಲ್ಲಿ ಸಾವಿರ ಜೀವಂತ ಕ್ಯಾನ್ಸರ್ ಕಣಗಳಿದ್ದು, ಬಣ್ಣ ಹತ್ತಿದವು ಇಪ್ಪತ್ತು ಎಂದಿಟ್ಟುಕೊಳ್ಳಿ. ಅಂಕ ೨. ಕೀಮೋಥೆರಪಿಯಿಂದ ಎಂಟುನೂರು ಕಣಗಳು ಸತ್ತು ಇನ್ನೂರು ಉಳಿದವು. ಬಣ್ಣ ಹತ್ತಿದವು ಅದೇ ಇಪ್ಪತ್ತು, ಬಹುಶಃ ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರಿನವಲ್ಲ, ರಕ್ಷಕಕಣಗಳೇ. ಅಂಕ ೧೦. ಒಂದೇ ಒಂದು ಹೊಸ ಕಣಕ್ಕೂ ಬಣ್ಣ ಹತ್ತಲಿಲ್ಲ, ಆದರೂ ಅಂಕ ಐದು ಪಟ್ಟಾಯಿತು. ಭಾಜ್ಯ ಬೆಳೆದುದರಿಂದಲ್ಲ, ಭಾಜಕ ಕುಗ್ಗಿದುದರಿಂದ! ಔಷಧ ಚೆನ್ನಾಗಿ ಕೆಲಸ ಮಾಡಿದುದೇ ಅಂಕವನ್ನು ಏರಿಸಿದಂತಾಯಿತು. ಜೀವಂತ ಕ್ಯಾನ್ಸರ್ ಕಣಗಳು ನೂರಕ್ಕಿಂತ ಕಡಮೆ ಇದ್ದರೆ ಅಂಕವನ್ನೇ ಹಾಕಬಾರದೆಂಬ ನಿಯಮವಿರುವುದು ಇಂತಹ ಗೊಂದಲವಾಗದಿರಲೆಂದೇ.

ಎರಡನೆಯ ಮೋಸ ಚೂರಿನದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎನ್ನುತ್ತೇವೆ. ಮಡಕೆಯ ಅನ್ನಕ್ಕೆ ಆ ಮಾತು ಸರಿ. ಅಲ್ಲಿ ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಉರಿ. ಕ್ಯಾನ್ಸರ್ ಗಡ್ಡೆ ಹಾಗಲ್ಲ. ಅದರ ಒಂದು ಮೂಲೆಯಲ್ಲಿ ಪಿಡಿ-ಎಲ್೧ ದಟ್ಟವಾಗಿದ್ದರೆ ಇನ್ನೊಂದು ಮೂಲೆಯಲ್ಲಿ ಸುಳಿವೇ ಇಲ್ಲದಿರಬಹುದು. ಜಠರದ ಗಡ್ಡೆಗಳು ಈ ವಿಷಯದಲ್ಲಿ ಕುಪ್ರಸಿದ್ಧ. ಎಂಡೋಸ್ಕೋಪಿಯಲ್ಲಿ ಸಿಗುವ ಚೂರು ನಿಜವಾಗಿಯೂ ಅಗುಳಿನಷ್ಟೇ ದೊಡ್ಡದು. ಅಷ್ಟಕ್ಕಾಗಿಯೇ ಆರೆಂಟು ಚೂರುಗಳನ್ನು ಬೇರೆ ಬೇರೆ ಕಡೆಯಿಂದ ತೆಗೆಯಬೇಕೆಂದು ಬಲ್ಲವರು ಹೇಳುವುದು. ಶಸ್ತ್ರಚಿಕಿತ್ಸೆಯ ಬಳಿಕವಾದರೋ ಇಡೀ ಗಡ್ಡೆಯೇ ಮೇಜಿನ ಮೇಲಿರುತ್ತದೆ. ಎರಡು ಅಗುಳನ್ನು ಇಡೀ ಮಡಕೆಯೊಡನೆ ಹೋಲಿಸಿ, ನಡುವಣ ವ್ಯತ್ಯಾಸವೆಲ್ಲ ಕೀಮೋಥೆರಪಿಯಿಂದಲೇ ಬಂದಿತೆಂದರೆ ನ್ಯಾಯವಾದೀತೇ?

ಮೂರನೆಯದು ಕಾಲದ ಮಾತು. ಕೊನೆಯ ಸುತ್ತು ಮುಗಿದು ಸುಮಾರು ನಾಲ್ಕು ವಾರಗಳಾದ ಮೇಲೆ ಶಸ್ತ್ರಚಿಕಿತ್ಸೆ ನಡೆಯುವುದು. ಔಷಧ ಹರಿಯುತ್ತಿದ್ದ ದಿನಗಳಲ್ಲಿ ಗಡ್ಡೆಯೊಳಗೆ ಏನೇನು ನಡೆಯಿತೋ ನಾವು ನೋಡಿಲ್ಲ. ಜಾತ್ರೆ ಮುಗಿದ ತಿಂಗಳ ಮೇಲೆ ಬಯಲನ್ನು ನೋಡಿ ತೇರು ಎಷ್ಟು ದೂರ ಎಳೆದರೆಂದು ಹೇಳುವಂತಿದೆ ನಮ್ಮ ಪಾಡು. ಇದಲ್ಲದೆ ಒಂದೇ ಗಾಜಿನ ಪಟ್ಟಿಯನ್ನು ನೋಡಿದ ಇಬ್ಬರು ನುರಿತ ವೈದ್ಯರು ಬೇರೆ ಬೇರೆ ಅಂಕ ಕೊಡುವುದೂ ಅಪರೂಪವಲ್ಲ. ಬಣ್ಣ ಹಾಕುವ ದ್ರಾವಣಗಳೂ ಒಂದೇ ತರಹದವಲ್ಲ.

ಇದೆಲ್ಲ ಪಂಡಿತರ ಜಗಳ, ರೋಗಿಗೇನು ಎಂದು ಕೇಳುವಿರಾದರೆ, ರೋಗಿಗೆ ಇದರಲ್ಲಿ ಬಹಳವಿದೆ. ರೋಗ ಬೇರೆ ಅಂಗಗಳಿಗೆ ಹರಡಿದ ರೋಗಿಗಳಲ್ಲಿ ನಡೆಸಿ ೨೦೨೧ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಪ್ರಯೋಗದಲ್ಲಿ, ಅಂಕ ೫ ಅಥವಾ ಹೆಚ್ಚಿದ್ದವರಿಗೆ ಕೀಮೋಥೆರಪಿಯೊಡನೆ ನಿವೊಲುಮ್ಯಾಬ್ ಕೂಡಿಸಿದಾಗ ಮಧ್ಯಮ ಆಯುಸ್ಸು ೧೧.೧ ತಿಂಗಳಿನಿಂದ ೧೪.೪ಕ್ಕೆ ಏರಿತು. ಅಂಕ ೧ಕ್ಕಿಂತ ಕಡಮೆ ಇರುವವರಿಗೆ ಈ ಜಾತಿಯ ಔಷಧಗಳಿಂದ ಲಾಭಕ್ಕಿಂತ ಅಪಾಯವೇ ಹೆಚ್ಚೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಮಂಡಲಿ ೨೦೨೪ರ ಸೆಪ್ಟೆಂಬರಿನಲ್ಲಿ ಬಹುಮತದಿಂದ ಅಭಿಪ್ರಾಯಪಟ್ಟಿತು. ಹೀಗಿರುವಾಗ ೨ ಎಂಬುದು ಗೆರೆಯ ಈಚೆ, ೧೦ ಎಂಬುದು ಆಚೆ. ನಾಳೆ ರೋಗ ಮರಳಿದರೆ ಯಾವ ಚೂರಿನ ಅಂಕವನ್ನು ಹಿಡಿದರು ಎಂಬುದರ ಮೇಲೆ ಲಕ್ಷಾಂತರ ರೂಪಾಯಿಗಳ ಔಷಧವೊಂದು ಕೊಡುವುದೋ ಬಿಡುವುದೋ ನಿಂತಿರುತ್ತದೆ. ಬೆಲೆಯ ಮಾತು ಬಂದುದರಿಂದ ಒಂದು ಸಮಾಧಾನದ ಸಂಗತಿಯನ್ನು ಹೇಳಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕತ್ತಿನ ಕ್ಯಾನ್ಸರಿನಲ್ಲಿ ಮೂರು ವಾರಕ್ಕೊಮ್ಮೆ ಕೇವಲ ೨೦ ಮಿಲಿಗ್ರಾಮ್ ನಿವೊಲುಮ್ಯಾಬ್ ಕೊಟ್ಟು ನೋಡಿದರು; ವಾಡಿಕೆಯ ಪ್ರಮಾಣ ಎರಡು ವಾರಕ್ಕೆ ೨೪೦. ಒಂದು ವರ್ಷದ ಮೇಲೆ ಬದುಕಿದ್ದವರು ನೂರಕ್ಕೆ ೧೬ರಿಂದ ೪೩ಕ್ಕೆ ಏರಿದರು. ಅದು ಬೇರೆ ಅಂಗದ ರೋಗ. ಜಠರಕ್ಕೆ ಅದನ್ನು ತಾವಾಗಿಯೇ ಅನ್ವಯಿಸಿಕೊಳ್ಳುವಂತಿಲ್ಲ.

ಕೀಮೋಥೆರಪಿ ಎತ್ತುಗಳನ್ನು ಗಡ್ಡೆಯ ಬಳಿಗೆ ಕರೆತರುವುದಾದರೆ, ಮೂಗುದಾರ ಬಿಡಿಸುವ ಔಷಧವನ್ನು ಅದರೊಡನೆಯೇ, ಗಡ್ಡೆ ಇನ್ನೂ ದೇಹದಲ್ಲಿರುವಾಗಲೇ ಏಕೆ ಕೊಡಬಾರದು? ಈ ಯೋಚನೆ ಎರಡು ದೊಡ್ಡ ಪ್ರಯೋಗಗಳಿಗೆ ಕಾರಣವಾಯಿತು. ೨೦೨೩ರಲ್ಲಿ ಪ್ರಕಟವಾದ ಒಂದರಲ್ಲಿ ಬಹುಮಂದಿಗೆ ಸಿಸ್‌ಪ್ಲಾಟಿನ್ ಕಟ್ಟಿನೊಡನೆ ಪೆಂಬ್ರೊಲಿಜುಮ್ಯಾಬ್ ಕೊಟ್ಟರು. ತೆಗೆದ ಅಂಗದಲ್ಲಿ ಕ್ಯಾನ್ಸರ್ ಪೂರಾ ಮಾಯವಾದವರು ನೂರಕ್ಕೆ ೨ರಿಂದ ಸುಮಾರು ೧೩ಕ್ಕೆ ಏರಿದರು. ಆದರೂ ರೋಗ ಮರಳದೆ ಕಳೆದ ಕಾಲದಲ್ಲಿ ನಿಸ್ಸಂದೇಹವೆನ್ನುವಷ್ಟು ಲಾಭ ಕಾಣಲಿಲ್ಲ. ೨೦೨೫ರಲ್ಲಿ ಪ್ರಕಟವಾದ ‘ಮ್ಯಾಟರ್‌ಹಾರ್ನ್’ ಎಂಬ ಪ್ರಯೋಗದಲ್ಲಿ ೯೪೮ ಮಂದಿಗೆ ಫ್ಲಾಟ್ ಕಟ್ಟನ್ನು ಕೊಟ್ಟು, ಅರ್ಧ ಜನಕ್ಕೆ ಮೊದಲ ಸುತ್ತಿನಿಂದಲೇ ಡರ್ವಾಲುಮ್ಯಾಬ್ ಕೂಡಿಸಿದರು. ಪೂರಾ ಮಾಯವಾದವರು ನೂರಕ್ಕೆ ೭ರಿಂದ ೧೯ಕ್ಕೆ, ಎರಡು ವರ್ಷ ರೋಗ ಮರುಕಳಿಸದೆ ಇದ್ದವರು ೫೮.೫ರಿಂದ ೬೭.೪ಕ್ಕೆ ಏರಿದರು. ಆಕ್ಸಾಲಿಪ್ಲಾಟಿನ್ನಿನ ಕೂಗು ಇಲ್ಲಿ ನೆರವಾಯಿತೋ ಏನೋ ಎಂದು ನನಗೆ ಅನ್ನಿಸುವುದುಂಟು. ಆದರೆ ಎರಡು ಪ್ರಯೋಗಗಳ ನಡುವೆ ಬೇರೆ ವ್ಯತ್ಯಾಸಗಳೂ ಇರುವುದರಿಂದ ಅದೊಂದೇ ಕಾರಣವೆಂದು ಸಾಧಿಸಹೊರಡುವುದು ಸಲ್ಲದು.

ಪಿಡಿ-ಎಲ್೧ಕ್ಕಿಂತ ಹೆಚ್ಚು ನಂಬಬಹುದಾದ ಗುರುತು ಇನ್ನೊಂದಿದೆ. ನಮ್ಮ ಅಚ್ಚುಕೂಟದಲ್ಲಿ ಕರಡು ತಿದ್ದುವವರಿದ್ದಾರೆ. ಅವರು ರಜೆ ಹಾಕಿದ ವಾರ ಪತ್ರಿಕೆ ಹೇಗಿರುತ್ತದೆಂಬುದನ್ನು ವಾಚಕರು ಬಲ್ಲರು. ಜೀವಕಣದಲ್ಲಿಯೂ ಆನುವಂಶಿಕ ಬರಹದ ಕರಡು ತಿದ್ದುವ ವ್ಯವಸ್ಥೆಯುಂಟು. ಕೆಲವು ರೋಗಿಗಳ ಗಡ್ಡೆಯಲ್ಲಿ ಅದು ಕೆಟ್ಟಿರುತ್ತದೆ; ತಪ್ಪುಗಳು ರಾಶಿರಾಶಿಯಾಗಿ ಸೇರಿ ಟಿ-ಕಣಗಳ ಕಣ್ಣಿಗೆ ಎದ್ದು ಕಾಣುತ್ತವೆ. ಇದಕ್ಕೆ ಎಂಎಸ್ಐ ಎಂದು ವರದಿಗಳಲ್ಲಿ ಬರೆಯುತ್ತಾರೆ. ಮೇಲೆ ಹೇಳಿದ ಮ್ಯಾಜಿಕ್ ಪ್ರಯೋಗದ ಹಳೆಯ ಚೂರುಗಳನ್ನು ಮತ್ತೆ ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟಿಸಿದಾಗ, ಈ ದೋಷವಿದ್ದ ಕೆಲವೇ ಮಂದಿಯಲ್ಲಿ ಬರಿಯ ಶಸ್ತ್ರಚಿಕಿತ್ಸೆ ಪಡೆದವರು ಕೀಮೋಥೆರಪಿ ಪಡೆದವರಿಗಿಂತ ಹೆಚ್ಚು ಕಾಲ ಬದುಕಿದ್ದರೆಂದು ಕಂಡುಬಂದಿತು. ೨೦೨೨ರಲ್ಲಿ ಫ್ರಾನ್ಸಿನವರು ಇಂತಹ ೩೨ ಜನರಿಗೆ ಕೀಮೋಥೆರಪಿಯನ್ನೇ ಕೊಡದೆ, ಎರಡು ಮೂಗುದಾರಗಳನ್ನೂ ಬಿಡಿಸುವ ಔಷಧಗಳನ್ನು ಮಾತ್ರ ಕೊಟ್ಟರು. ಶಸ್ತ್ರಚಿಕಿತ್ಸೆಗೊಳಗಾದ ೨೯ ಮಂದಿಯಲ್ಲಿ ೧೭ ಮಂದಿಯ ಅಂಗದಲ್ಲಿ ಕ್ಯಾನ್ಸರಿನ ಒಂದು ಕಣವೂ ಉಳಿದಿರಲಿಲ್ಲ. ಆದಕಾರಣ ಈ ಒಂದು ಪರೀಕ್ಷೆಯನ್ನು ಮೊದಲ ಚೂರಿನಲ್ಲಿಯೇ, ಮೊದಲ ಸುತ್ತಿಗೆ ಮುಂಚೆಯೇ ಮಾಡಿಸಬೇಕು. ಆಮೇಲೆ ಮಾಡಿಸೋಣವೆಂದರೆ ಔಷಧ ಕೊಡಬೇಕಾಗಿತ್ತೇ ಇಲ್ಲವೇ ಎಂಬುದು ಔಷಧ ಮುಗಿದ ಮೇಲೆ ತಿಳಿಯುವಂತಾಗುತ್ತದೆ.

ಈಗ ಸೋದರಿಯವರಿಗೆ ನೇರವಾಗಿ ಎರಡು ಮಾತು. ತಮ್ಮ ಎರಡು ವರದಿಗಳಲ್ಲಿ ಯಾವುದೂ ಸುಳ್ಳೆಂದು ಭಾವಿಸಬೇಕಾದ ಕಾರಣವಿಲ್ಲ. ಮೊದಲನೆಯದು ಔಷಧ ಕಾಣದ ಗಡ್ಡೆಯ ಕೆಲವು ಅಗುಳುಗಳ ಲೆಕ್ಕ. ಎರಡನೆಯದು ಔಷಧವನ್ನು ತಾಳಿ ಉಳಿದ ಭಾಗದ ಲೆಕ್ಕ. ೨ ಇದ್ದುದು ೧೦ ಆದುದರಿಂದ ರೋಗ ಐದು ಪಟ್ಟು ಕೆರಳಿತೆಂದು ತಿಳಿಯಬಾರದು; ತಂದೆಯವರಿಗೆ ಔಷಧ ಕೊಡಿಸಿ ತಪ್ಪು ಮಾಡಿದೆನೆಂಬ ಕೊರಗು, ತಮ್ಮ ಕಾಗದದ ಸಾಲುಗಳ ನಡುವೆ ನನಗೆ ಕಂಡಿತು, ಅದನ್ನು ದಯವಿಟ್ಟು ಬಿಟ್ಟುಬಿಡಿ. ಔಷಧಕ್ಕೆ ಗಡ್ಡೆ ಎಷ್ಟು ಮಣಿಯಿತೆಂಬುದನ್ನು ತಿಳಿಯಬೇಕಾದರೆ ಅದೇ ಎರಡನೆಯ ವರದಿಯಲ್ಲಿ ‘ಜೀವಂತ ಕ್ಯಾನ್ಸರ್ ಎಷ್ಟು ಪಾಲು ಉಳಿದಿದೆ’ ಎಂಬ ಸಾಲನ್ನೂ, ತೆಗೆದ ದುಗ್ಧಗ್ರಂಥಿಗಳಲ್ಲಿ ಎಷ್ಟರಲ್ಲಿ ರೋಗವಿತ್ತೆಂಬ ಸಾಲನ್ನೂ ನೋಡಿ. ಮುನ್ಸೂಚನೆಯ ದೃಷ್ಟಿಯಿಂದ ಪಿಡಿ-ಎಲ್೧ ಅಂಕಕ್ಕಿಂತ ಅವೆರಡಕ್ಕೆ ತೂಕ ಹೆಚ್ಚು.

ಉಳಿದ ನಾಲ್ಕು ಸುತ್ತು ಔಷಧವನ್ನು ಕೊಡುವುದಕ್ಕೂ ಬಿಡುವುದಕ್ಕೂ ಈ ಅಂಕಕ್ಕೂ ಸಂಬಂಧವಿಲ್ಲ. ಅದು ತಂದೆಯವರ ತೂಕ, ಶಕ್ತಿ, ಬೆರಳ ತುದಿಗಳ ಜೋಮು ಇವುಗಳನ್ನು ನೋಡಿ ವೈದ್ಯರು ನಿರ್ಧರಿಸತಕ್ಕ ವಿಷಯ. ನಡುವಿನಲ್ಲಿ ಡರ್ವಾಲುಮ್ಯಾಬ್ ಸೇರಿಸಬಹುದೇ ಎಂದೂ ಕೇಳಿದ್ದೀರಿ. ಪ್ರಯೋಗ ನಡೆದುದು ಮೊದಲ ಸುತ್ತಿನಿಂದಲೇ ಸೇರಿಸಿ. ಅರ್ಧದಾರಿಯಲ್ಲಿ ಸೇರಿಸಿದರೆ ಅದೇ ಫಲ ಸಿಕ್ಕೀತೆಂದು ಆ ಪ್ರಯೋಗ ಹೇಳುವುದಿಲ್ಲ. ಹೊಲ ಮಾರಿ ಔಷಧ ತರಿಸುವ ಯೋಚನೆಯನ್ನು ತಮ್ಮ ವೈದ್ಯರೊಡನೆ ಈ ಮಾತನ್ನು ಆಡುವವರೆಗಾದರೂ ತಡೆಹಿಡಿಯಿರಿ.

ತಮ್ಮ ಕಾಗದದಲ್ಲಿ ಎಂಎಸ್ಐ ಪರೀಕ್ಷೆಯ ಪ್ರಸ್ತಾಪವೇ ಇಲ್ಲ. ಅದು ಆಗಿದೆಯೇ ಎಂದು ಕೇಳಿ. ಆಗಿಲ್ಲದಿದ್ದರೆ ಈಗಲೂ ಆಗಬಹುದು, ಏಕೆಂದರೆ ಮೊದಲು ತೆಗೆದ ಚೂರುಗಳನ್ನು ಮೇಣದ ಗಟ್ಟಿಯಲ್ಲಿ ಹುದುಗಿಸಿ ಆಸ್ಪತ್ರೆಯವರು ಇಟ್ಟಿರುತ್ತಾರೆ. ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದಾದ ಆ ಗಟ್ಟಿ ವರ್ಷಗಳ ಕಾಲ ಕೆಡದೆ ಇರುತ್ತದೆ. ಬೇರೆ ಊರಿನ ವೈದ್ಯರ ಅಭಿಪ್ರಾಯ ಕೇಳಲು ಹೋಗುವಾಗ ವರದಿಯ ನಕಲಿನೊಡನೆ ಎರಡು ಕಾಲದ ಗಟ್ಟಿಗಳನ್ನೂ, ಮೊದಲನೆಯದನ್ನೂ ಎರಡನೆಯದನ್ನೂ, ಬರೆದುಕೊಟ್ಟು ಕೇಳಿ ಪಡೆಯಿರಿ; ಪೊಟ್ಟಣದ ಮೇಲೆ ತೆಗೆದ ತಾರೀಖನ್ನು ಗುರುತು ಮಾಡಿಸಿಕೊಳ್ಳಿ, ಮತ್ತು ಹಾಸನದ ಬಿಸಿಲಿನಲ್ಲಿ ಬಸ್ಸಿನ ಕಿಟಕಿಯ ಪಕ್ಕ ಅದನ್ನು ಇಡಬೇಡಿ, ಮೇಣ ಕರಗೀತು.